ಗುಜರಿಯ ಸೀಟು: ಯಾವುದನ್ನು ತರಬಹುದು, ಯಾವುದನ್ನು ಬಿಡಬೇಕು?

ನಮ್ಮ ಕರಾವಳಿಯಲ್ಲಿ ಕಾರಿನ ಇಂಜಿನ್‌ಗಿಂತ ಮೊದಲು ಸೀಟು ಸೋಲುವುದುಂಟು. ಮಳೆಗಾಲದಲ್ಲಿ ಒದ್ದೆ ಬಟ್ಟೆಯಲ್ಲೇ ಹತ್ತಿ ಇಳಿಯುತ್ತೇವೆ. ಉಳಿದ ತಿಂಗಳು ಬೆವರು, ಉಪ್ಪು ಗಾಳಿ. ಬಾಡಿಗೆ ಓಡಿಸುವವರದ್ದಂತೂ ದಿನವಿಡೀ ಅದರ ಮೇಲೆಯೇ ಬದುಕು. ಫೋಮ್ ಕುಸಿದರೆ ಸೊಂಟನೋವು ಶುರು. ಹೊಸ ಸೀಟಿನ ಬೆಲೆ ಕೇಳಿದವರು ಸೀದಾ ಗುಜರಿ ಅಂಗಡಿಗೇ ಬರುತ್ತಾರೆ.

ಗುಜರಿ, ಗ್ಯಾರೇಜ್, ಕುಶನ್ ಕೆಲಸ ನಮ್ಮವರ ಎಷ್ಟೋ ಮನೆಗಳಿಗೆ ಅನ್ನ ಕೊಟ್ಟಿವೆ. ಹಳೆ ಸೀಟು ಮತ್ತೆ ಉಪಯೋಗಕ್ಕೆ ಬಂದರೆ ಇಬ್ಬರಿಗೂ ಲಾಭವೇ. ಆದರೆ ‘ಮಾಡೆಲ್ ಒಂದೇ ಅಲ್ವಾ, ಹಾಕಿದ್ರೆ ಆಯ್ತು ಮಾರಾಯ್ರೆ’ ಎಂದರೆ ಸಾಲದು.

ಚಾಲಕನ ಸೀಟು ಹೆಚ್ಚು ಸವೆಯುವುದು ಹತ್ತಿ ಇಳಿಯುವ ಬಲಬದಿಯಲ್ಲಿ. ಪಕ್ಕದ ಸೀಟು ಅಷ್ಟು ಸವೆದಿರುವುದಿಲ್ಲ. ಆಕಾರ ಒಂದೇ ಇದ್ದರೆ ಅದರ ಫೋಮ್ ಉಪಯೋಗಕ್ಕೆ ಬರುತ್ತದೆ. ಕವರ್ ಮಾತ್ರ ನೋಡಿ ತಗೊಳ್ಳಿ, ಲಿವರ್‌ನ ಜಾಗ ಉಲ್ಟಾ ಇರುತ್ತದೆ. ಫೋಮ್ ಒತ್ತಿ ನೋಡಿ, ಮೂಸಿಯೂ ನೋಡಿ. ಮುಗ್ಗಲು ವಾಸನೆ ಬಂದರೆ, ರೈಲ್‌ನಲ್ಲಿ ತುಕ್ಕು ಕಂಡರೆ ಅದು ನೀರು ನುಗ್ಗಿದ ಗಾಡಿಯ ಸೀಟು ಆಗಿರಬಹುದು.

ಬಿಚ್ಚುವ ಕೆಲಸ ಕಷ್ಟದ್ದಲ್ಲ. ಹೆಚ್ಚಿನ ಕಾರುಗಳಲ್ಲಿ ಮುಂದಿನ ಸೀಟಿಗೆ ನಾಲ್ಕು ಬೋಲ್ಟ್. ಸೀಟನ್ನು ಮುಂದೆ ತಳ್ಳಿದರೆ ಹಿಂದಿನ ಎರಡು, ಹಿಂದೆ ತಳ್ಳಿದರೆ ಮುಂದಿನ ಎರಡು ಕಾಣುತ್ತವೆ. ಕವರನ್ನು ಫೋಮ್‌ಗೆ ಹಿಡಿದಿರುವುದು ಸಣ್ಣ ತಂತಿ ರಿಂಗ್‌ಗಳು. ಅವನ್ನು ಕತ್ತರಿಸಿ, ಜೋಡಿಸುವಾಗ ಹೊಸ ರಿಂಗ್ ಹಾಕಬೇಕು.

ಹೊಸ ಕಾರುಗಳಲ್ಲಿ ಜಾಗ್ರತೆ ಬೇಕು. 2019ರ ಜುಲೈ ನಂತರ ತಯಾರಾದ ಕಾರುಗಳಲ್ಲಿ ಮುಂದಿನ ಎರಡೂ ಸೀಟಿಗೆ ಬೆಲ್ಟ್ ನೆನಪಿಸುವ ವ್ಯವಸ್ಥೆ ಕಡ್ಡಾಯ, ಅದರ ವಯರ್ ಅಡಿಯಲ್ಲೇ ಇರುತ್ತದೆ. ಸೀಟಿನ ಬದಿಯಲ್ಲಿ ‘ಏರ್‌ಬ್ಯಾಗ್’ ಎಂಬ ಚೀಟಿ ಇದ್ದರೆ ಅದನ್ನು ತರಬೇತಿ ಇರುವ ಮೆಕ್ಯಾನಿಕ್‌ಗೇ ಬಿಡಿ. ಅಂಥ ಸೀಟಿಗೆ ಬದಿ ಮುಚ್ಚುವ ರೆಕ್ಸಿನ್ ಹೊದಿಸಿ ಗಟ್ಟಿ ಹೊಲಿಗೆ ಹಾಕಿದರೆ, ಅಪಘಾತದ ಹೊತ್ತಿಗೆ ಏರ್‌ಬ್ಯಾಗ್ ಸರಿಯಾಗಿ ಬಿಚ್ಚಿಕೊಳ್ಳಲಿಕ್ಕಿಲ್ಲ.

ಅಪಘಾತವಾದ ಗಾಡಿಯಿಂದ ರೈಲ್, ಒರಗು ಹಿಡಿಯುವ ರಿಕ್ಲೈನರ್, ಬೆಲ್ಟ್ ಬಕಲ್ ತರಲೇಬೇಡಿ. ಹಲವು ಕಾರುಗಳಲ್ಲಿ ಬಕಲ್ ಇರುವುದು ಸೀಟಿಗೇ. ಡಿಕ್ಕಿಯಾದಾಗ ಕೂತವರ ಭಾರ ಅದರ ಮೇಲೂ ಬೀಳುತ್ತದೆ. ಒಮ್ಮೆ ಎಳೆತ ತಿಂದ ಕಬ್ಬಿಣ ಹೊರಗಿಂದ ಸರಿಯಾಗಿಯೇ ಕಾಣಬಹುದು. ಸೀಟು ಯಾವ ಗಾಡಿಯದ್ದೆಂದು ಕೊಳ್ಳುವವರು ಕೇಳಬೇಕು, ಮಾರುವವರು ಇದ್ದದ್ದು ಇದ್ದ ಹಾಗೆ ಹೇಳಬೇಕು.