ಹತ್ತು ದಿನ ಮತ್ತು ಅರವತ್ತೆರಡು ವರ್ಷ

2024ರ ಫೆಬ್ರುವರಿ 1ರಂದು ಮಧ್ಯಂತರ ಬಜೆಟ್ ಮಂಡಿಸುತ್ತ ಹಣಕಾಸು ಸಚಿವೆ ನಿರ್ಮಲಾ ಸೀತಾರಾಮನ್ ಒಂದೇ ಭಾಷಣದಲ್ಲಿ ಎರಡು ಸಂಗತಿ ಹೇಳಿದರು. 2013-14ರಲ್ಲಿ ಆದಾಯ ತೆರಿಗೆ ರಿಟರ್ನ್ ಒಂದನ್ನು ವಿಲೇವಾರಿ ಮಾಡಲು ಸರಾಸರಿ 93 ದಿನ ಬೇಕಾಗುತ್ತಿತ್ತು, ಈಗ 10 ದಿನ ಸಾಕು ಎಂಬುದು ಮೊದಲನೆಯದು. ಚಿಲ್ಲರೆ ಮೊತ್ತದ, ಯಾರೂ ತಾಳೆ ನೋಡದ, ತಕರಾರಿನಲ್ಲಿರುವ ತೆರಿಗೆ ಬಾಕಿಗಳು ಇಲಾಖೆಯ ಲೆಕ್ಕದಲ್ಲಿ ಇನ್ನೂ ಉಳಿದುಕೊಂಡಿವೆ, ಅವುಗಳಲ್ಲಿ ಕೆಲವು 1962ರಷ್ಟು ಹಿಂದಿನವು ಎಂಬುದು ಎರಡನೆಯದು.

1962! 1961ರ ಆದಾಯ ತೆರಿಗೆ ಕಾಯ್ದೆ ಜಾರಿಗೆ ಬಂದದ್ದೇ ಆ ವರ್ಷದ ಏಪ್ರಿಲ್ 1ರಂದು. ಅಂದರೆ ಕಾಯ್ದೆಗೆ ಎಷ್ಟು ವಯಸ್ಸೋ ಬಾಕಿಗೂ ಅಷ್ಟೇ ವಯಸ್ಸು. ನಮ್ಮ ರಾಜ್ಯ ಆಗಿನ್ನೂ ಮೈಸೂರು. ಕರ್ನಾಟಕ ಎಂಬ ಹೆಸರು ಬರಲು ಇನ್ನೂ ಹನ್ನೊಂದು ವರ್ಷ ಇತ್ತು. ಆ ಬಾಕಿ ಯಾರ ಹೆಸರಿನಲ್ಲಿದೆಯೋ ಅವರಲ್ಲಿ ಎಷ್ಟು ಜನ ಬದುಕಿದ್ದಾರು? ರಸೀದಿ ಹುಡುಕಿ ತೋರಿಸಲು ಆ ಮನೆಯಲ್ಲಿ ಯಾರಿದ್ದಾರು? ಒಂದೇ ಇಲಾಖೆಯ ಒಂದು ಕೈಗೆ ಹತ್ತು ದಿನ ಸಾಕು, ಇನ್ನೊಂದು ಕೈಗೆ ಅರವತ್ತೆರಡು ವರ್ಷ ಸಾಲದು. ಈ ಎರಡು ವೇಗಗಳ ನಡುವಿನ ಅಂತರ ಎರಡು ಸಾವಿರ ಪಟ್ಟಿಗೂ ಮೀರಿದ್ದು, ಜನಸಾಮಾನ್ಯರು ಸಿಕ್ಕಿಬೀಳುವುದು ಆ ಅಂತರದಲ್ಲಿಯೇ.

ಮೊದಲು ವೇಗದ ಕೈಯನ್ನು ನೋಡೋಣ. ದೇಶದ ರಿಟರ್ನ್‌ಗಳೆಲ್ಲ ಬಂದು ಸೇರುವ ಕೇಂದ್ರ ಇರುವುದು ನಮ್ಮ ಬೆಂಗಳೂರಿನಲ್ಲಿ. 2009ರಲ್ಲಿ ಶುರುವಾದ ಕೇಂದ್ರೀಕೃತ ಸಂಸ್ಕರಣಾ ಕೇಂದ್ರ ಅದು. ಆಡಿಟರುಗಳ ಬಾಯಲ್ಲಿ ಸಿಪಿಸಿ. 2024ರ ಜುಲೈ 31ರ ಗಡುವಿನ ಒಂದೇ ದಿನ 69.92 ಲಕ್ಷ ಮಂದಿ ರಿಟರ್ನ್ ಸಲ್ಲಿಸಿದರು. ಆ ಸಂಜೆ ಏಳರಿಂದ ಎಂಟರೊಳಗೆ ಬಂದವು 5.07 ಲಕ್ಷ, ಸೆಕೆಂಡಿಗೆ 140. ಆ ದಿನದವರೆಗೆ ಒಟ್ಟು 7.28 ಕೋಟಿ. ಇಷ್ಟನ್ನು ಕುಸಿಯದೆ ಹೊತ್ತ ವ್ಯವಸ್ಥೆಯ ಬಗ್ಗೆ ನನಗೆ ನಿಜವಾದ ಗೌರವವಿದೆ. ಆದರೆ ಇಂಥ ರಾಶಿಯಲ್ಲಿ ಸಣ್ಣ ತಪ್ಪು ಎಂಬುದೇ ಇರುವುದಿಲ್ಲ. ಸಾವಿರಕ್ಕೆ ಒಂದು ತಪ್ಪಿತು ಎಂದಿಟ್ಟುಕೊಳ್ಳಿ. ಯಾವ ಕಚೇರಿಯೂ ಹೆಮ್ಮೆಪಡಬಹುದಾದ ಪ್ರಮಾಣ ಅದು. 7.28 ಕೋಟಿಗೆ ಹಾಕಿದರೆ 72,800 ಜನ. 2011ರ ಜನಗಣತಿಯಲ್ಲಿ ಮಡಿಕೇರಿ ಪಟ್ಟಣದಲ್ಲಿದ್ದವರು ಸುಮಾರು 33 ಸಾವಿರ. ಎರಡು ಮಡಿಕೇರಿ ತುಂಬುವಷ್ಟು ಜನ ತಾವು ಮಾಡದ ತಪ್ಪಿಗೆ ಕಾಗದ ಹಿಡಿದು ನಿಲ್ಲಬೇಕು.

ಆ ತಪ್ಪು ಹುಟ್ಟುವುದು ಹೇಗೆ? ಬಹುಪಾಲು ಅತಿ ಸಾಧಾರಣ ರೀತಿಯಲ್ಲಿ. ಸಂಬಳದಿಂದ, ಠೇವಣಿಯ ಬಡ್ಡಿಯಿಂದ ತೆರಿಗೆ ಮುರಿದುಕೊಳ್ಳುವವರು ಕಂಪನಿಯವರು, ಬ್ಯಾಂಕಿನವರು. ಮುರಿದದ್ದನ್ನು ಸರ್ಕಾರಕ್ಕೆ ಕಟ್ಟಿ, ಮೂರು ತಿಂಗಳಿಗೊಮ್ಮೆ ಯಾರ ಪ್ಯಾನ್‌ಗೆ ಎಷ್ಟು ಎಂಬ ಪಟ್ಟಿ ಕೊಡಬೇಕು. ಅಲ್ಲಿ ಒಂದು ಅಕ್ಷರ ತಪ್ಪಿದರೆ, ಪಟ್ಟಿ ಕೊಡುವುದೇ ತಡವಾದರೆ, ನಿಮ್ಮ ಹೆಸರಿಗೆ ಜಮೆಯಾದ ತೆರಿಗೆ ತೋರಿಸುವ 26ಎಎಸ್‌ ಪಟ್ಟಿಯಲ್ಲಿ ಆ ಹಣ ಕಾಣುವುದಿಲ್ಲ. ಹಣ ನಿಮ್ಮ ಕೈ ಬಿಟ್ಟು ಹೋಗಿದೆ, ತೆರಿಗೆ ಮುರಿದದ್ದಕ್ಕೆ ಕೊಟ್ಟ ಪ್ರಮಾಣಪತ್ರ, ಫಾರ್ಮ್ 16, ನಿಮ್ಮ ಬೀರುವಿನಲ್ಲಿದೆ, ಯಂತ್ರದ ಕಣ್ಣಿಗೆ ಮಾತ್ರ ನೀವು ತೆರಿಗೆಯನ್ನೇ ಕಟ್ಟಿಲ್ಲ. ಡಿಮಾಂಡ್ ನೋಟಿಸು ಬರುತ್ತದೆ. 1961ರ ಕಾಯ್ದೆಯ 205ನೇ ಕಲಂ ಸ್ಪಷ್ಟವಾಗಿ ಹೇಳುತ್ತದೆ: ಮೂಲದಲ್ಲಿ ಮುರಿದುಕೊಂಡ ತೆರಿಗೆಯನ್ನು ಮತ್ತೆ ಅದೇ ವ್ಯಕ್ತಿಯಿಂದ ಕೇಳುವಂತಿಲ್ಲ. ಕಾನೂನಿನಲ್ಲಿ ಹಾಗೆ ಬರೆದಿದ್ದರೂ ಹಿಂದಿನ ವರ್ಷದ ಆ ಸುಳ್ಳು ಬಾಕಿಗೆ ಈ ವರ್ಷದ ರಿಫಂಡ್ ಸದ್ದಿಲ್ಲದೆ ಜಮೆಯಾಗಿಬಿಡುತ್ತಿತ್ತು.

ಈ ವಿಷಯವನ್ನು ಆಡಿಟರೊಬ್ಬರು ಪತ್ರ ಬರೆದು ದೆಹಲಿ ಹೈಕೋರ್ಟಿನ ಗಮನಕ್ಕೆ ತಂದರು. ನ್ಯಾಯಾಲಯ ಅದನ್ನೇ ಅರ್ಜಿಯಾಗಿ ಎತ್ತಿಕೊಂಡು 2013ರ ಮಾರ್ಚ್ 14ರಂದು ತೀರ್ಪು ಕೊಟ್ಟಿತು. ಹಳೆಯ ಕೈಬರಹದ ದಾಖಲೆಗಳಲ್ಲಿದ್ದ ಬಾಕಿಗಳನ್ನು ಸರಿಯಾಗಿ ಪರಿಶೀಲಿಸದೆ ಬೆಂಗಳೂರಿನ ಗಣಕಕ್ಕೆ ಏರಿಸಿದ್ದರು. ಸಿಪಿಸಿಯನ್ನು ಕೇಳಿದರೆ ನಿಮ್ಮ ವ್ಯಾಪ್ತಿಯ ಅಧಿಕಾರಿಯನ್ನು ಕೇಳಿ, ಅಧಿಕಾರಿಯನ್ನು ಕೇಳಿದರೆ ಸಿಪಿಸಿಯನ್ನು ಕೇಳಿ. ಮುಂಚಿತವಾಗಿ ನೋಟಿಸು ಕೊಡದೆ ರಿಫಂಡ್ ಮುರಿದುಕೊಳ್ಳುವಂತಿಲ್ಲ, ತಿದ್ದುಪಡಿ ಕೋರಿ ಬಂದ ಅರ್ಜಿಗಳಿಗೆ ರಿಜಿಸ್ಟರ್ ಇಡಬೇಕು ಎಂದು ಕೋರ್ಟು ಹೇಳಬೇಕಾಯಿತು. ಅರ್ಜಿ ಬಂದಿದೆ ಎಂದು ಬರೆದಿಟ್ಟುಕೊಳ್ಳಿ ಎನ್ನಲು ಹೈಕೋರ್ಟು ಬೇಕಾದದ್ದು ನನ್ನನ್ನು ಇವತ್ತಿಗೂ ದಂಗುಬಡಿಸುತ್ತದೆ.

ಈಗ ಮತ್ತೆ 2024ಕ್ಕೆ ಬರೋಣ. ಬಜೆಟ್ ಹೊತ್ತಿಗೆ ಇಲಾಖೆಯ ಪುಸ್ತಕದಲ್ಲಿದ್ದ ಬಾಕಿ ಬೇಡಿಕೆಗಳು 2.68 ಕೋಟಿ, ಮೊತ್ತ ಸುಮಾರು 35 ಲಕ್ಷ ಕೋಟಿ ರೂಪಾಯಿ. 2009-10ರವರೆಗಿನ ವರ್ಷಗಳಿಗೆ 25 ಸಾವಿರದವರೆಗಿನವು, 2010-11ರಿಂದ 2014-15ರವರೆಗಿನವಕ್ಕೆ 10 ಸಾವಿರದವರೆಗಿನವು ರದ್ದು ಎಂದು ಸರ್ಕಾರ ಘೋಷಿಸಿತು. ಅವು ಎಷ್ಟು? 1.11 ಕೋಟಿ. ಮೊತ್ತ 3,500 ಕೋಟಿಯ ಆಸುಪಾಸು. ಭಾಗಿಸಿ ನೋಡಿ: ತಲಾ 3,150 ರೂಪಾಯಿ. ಬೇಡಿಕೆಗಳ ಎಣಿಕೆಯಲ್ಲಿ ನೂರಕ್ಕೆ 41 ಪಾಲು, ಹಣದಲ್ಲಿ ಸಾವಿರಕ್ಕೆ ಒಂದು ಪಾಲು. ಈ ಸಾವಿರದ ಒಂದು ಪಾಲಿಗಾಗಿ, 2011ರ ಬೆಂಗಳೂರು ನಗರ ಜಿಲ್ಲೆಯ ಜನಸಂಖ್ಯೆಗಿಂತ ಹೆಚ್ಚು ಬಾಕಿಗಳನ್ನು ದಶಕಗಳ ಕಾಲ ಜೀವಂತ ಇಟ್ಟುಕೊಂಡಿದ್ದೆವು.

ಯಾಕೆ ಯಾರೂ ತಾಳೆ ನೋಡಲಿಲ್ಲ? ಒಂದು ಲೆಕ್ಕ ಹಾಕಿದೆ. ಒಬ್ಬ ಅಧಿಕಾರಿ ಒಂದು ಬಾಕಿಗೆ ಬರೀ ಹತ್ತು ನಿಮಿಷ ಕೊಡುತ್ತಾರೆ ಎನ್ನೋಣ. ದಿನಕ್ಕೆ ಎಂಟು ಗಂಟೆ, ವರ್ಷಕ್ಕೆ 240 ದಿನ. 1.11 ಕೋಟಿ ಮುಗಿಸಲು ಅವರಿಗೆ 963 ವರ್ಷ ಬೇಕು. 2024ಕ್ಕೆ ಕೆಲಸ ಮುಗಿಯಬೇಕಾದರೆ ಅವರು 1061ರಲ್ಲಿ, ಕಲ್ಯಾಣದ ಚಾಲುಕ್ಯ ಒಂದನೇ ಸೋಮೇಶ್ವರ ಆಳುತ್ತಿದ್ದಾಗ ಮೊದಲ ಕಡತ ತೆರೆದಿರಬೇಕಿತ್ತು. ಕಳಿಸುವ ಕೆಲಸ ಯಂತ್ರದ್ದು, ತಿದ್ದುವ ಕೆಲಸ ಮನುಷ್ಯನದು ಎಂದಾದ ಕ್ಷಣದಿಂದ ಈ ಲೆಕ್ಕ ಎಂದೂ ಸರಿಹೋಗುವುದಿಲ್ಲ.

ಕಾಯುವಿಕೆಗೆ ಬೆಲೆಯೂ ಇದೆ, ಎರಡೂ ಕಡೆಗೆ ಒಂದೇ ಬೆಲೆಯಲ್ಲ. ನೀವು ಬಾಕಿ ಉಳಿಸಿಕೊಂಡರೆ 1961ರ ಕಾಯ್ದೆಯ 220ನೇ ಕಲಂ ಪ್ರಕಾರ ತಿಂಗಳಿಗೆ ಶೇಕಡ 1 ಬಡ್ಡಿ. ಸರ್ಕಾರ ನಿಮಗೆ ಕೊಡಬೇಕಾದ ರಿಫಂಡ್ ಉಳಿಸಿಕೊಂಡರೆ 244ಎ ಪ್ರಕಾರ ಶೇಕಡ ಅರ್ಧ. ಹತ್ತು ಸಾವಿರದ ಬಾಕಿ ಹತ್ತು ವರ್ಷ ಮಲಗಿದರೆ ಬಡ್ಡಿಯೇ 12 ಸಾವಿರ. ಹತ್ತು ಸಾವಿರದ ರಿಫಂಡ್ ಅಷ್ಟೇ ಕಾಲ ಮಲಗಿದರೆ 6 ಸಾವಿರ. ಬಾಕಿ ಸುಳ್ಳೇ ಆಗಿದ್ದರೂ ಅದು ಸುಳ್ಳು ಎಂದು ಅಧಿಕಾರಿ ಒಪ್ಪುವವರೆಗೆ ಬಡ್ಡಿ ಬೆಳೆಯುತ್ತದೆ. ಮೇಲ್ಮನವಿಗೆ ಹೋದರೂ ವಸೂಲಿಗೆ ತಡೆ ಸಿಗಬೇಕೆಂದರೆ ಸಾಮಾನ್ಯವಾಗಿ ತಕರಾರಿನ ಮೊತ್ತದ ಶೇಕಡ 20 ಕಟ್ಟಬೇಕು. 2017ರಿಂದ ಅದೇ ನಿಯಮ. ಮೊದಲ ಹಂತದ ಮೇಲ್ಮನವಿಯನ್ನು ಸಾಧ್ಯವಾದಷ್ಟೂ ಒಂದು ವರ್ಷದಲ್ಲಿ ತೀರ್ಮಾನಿಸಿ ಎನ್ನುತ್ತದೆ ಕಾಯ್ದೆ. 2024ರ ಹೊತ್ತಿಗೆ ಅಲ್ಲಿ ಸಾಲಿನಲ್ಲಿದ್ದವು 5 ಲಕ್ಷಕ್ಕೂ ಹೆಚ್ಚು.

ಅಂಕಿಗಳು ನಮ್ಮ ಬೀದಿಗೇ ಇಳಿದುಬಂದದ್ದು 2025ರ ಜುಲೈಯಲ್ಲಿ. ಆ ತಿಂಗಳು ದೇಶದಲ್ಲಿ ನಡೆದ ಯುಪಿಐ ವಹಿವಾಟು 1,947 ಕೋಟಿ, ಸೆಕೆಂಡಿಗೆ ಏಳು ಸಾವಿರಕ್ಕೂ ಹೆಚ್ಚು. ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ 2021-22ರಿಂದ 2024-25ರವರೆಗಿನ ಯುಪಿಐ ಲೆಕ್ಕ ತರಿಸಿಕೊಂಡು, ವರ್ಷಕ್ಕೆ 40 ಲಕ್ಷ ದಾಟಿದವರು ಜಿಎಸ್‌ಟಿ ನೋಂದಣಿ ಮಾಡಿಸಬೇಕಿತ್ತು ಎಂದು ಬೇಕರಿ, ಟೀ ಅಂಗಡಿ, ಕಾಂಡಿಮೆಂಟ್ಸ್, ತರಕಾರಿಯವರಿಗೆಲ್ಲ ನೋಟಿಸು ಕಳಿಸಿತು. ಹಾವೇರಿಯ ಒಬ್ಬ ತರಕಾರಿ ವ್ಯಾಪಾರಿಗೆ ಬಂದದ್ದು 29 ಲಕ್ಷ ರೂಪಾಯಿಯದು. ನಾಲ್ಕು ವರ್ಷದಲ್ಲಿ ಅವರ ಖಾತೆಗೆ ಬಂದಿದ್ದ ಹಣ 1.63 ಕೋಟಿ. ಕೇಳಿದರೆ ದೊಡ್ಡ ಸಂಖ್ಯೆ. ದಿನಕ್ಕೆ ಹಂಚಿದರೆ 11 ಸಾವಿರ ಚಿಲ್ಲರೆ. ಅದೂ ಲಾಭವಲ್ಲ, ಗಲ್ಲಾಪೆಟ್ಟಿಗೆಗೆ ಬಿದ್ದ ಒಟ್ಟು ದುಡ್ಡು. ಬೆಳಗ್ಗೆ ಬಂದದ್ದು ಮರುದಿನ ಬೆಳಗ್ಗೆ ಮಂಡಿಗೆ ಹೋಗಬೇಕು. 29 ಲಕ್ಷವೆಂದರೆ ಅವರು ಒಂದು ರೂಪಾಯಿ ಖರ್ಚು ಮಾಡದೆ 260 ದಿನ ಮಾರಿದ ತರಕಾರಿ. ಇನ್ನು ತಾಜಾ ತರಕಾರಿಗೆ ಜಿಎಸ್‌ಟಿ ಎಷ್ಟು? ಸೊನ್ನೆ. ತೆರಿಗೆಯೇ ಇಲ್ಲದ ಸರಕನ್ನಷ್ಟೇ ಮಾರುವವರು ನೋಂದಣಿ ಮಾಡಿಸಬೇಕಾಗಿಯೂ ಇಲ್ಲ. ಯುಪಿಐ ಸಾಲು ಇಷ್ಟು ಬಂತು ಎಂದು ಹೇಳುತ್ತದೆ, ಯಾವುದಕ್ಕೆ ಬಂತು ಎಂದು ಹೇಳುವುದಿಲ್ಲ. ಟೊಮೆಟೊ ಮಾರಿದ್ದೋ, ಭಾವಮೈದುನ ಕೈಸಾಲ ಹಿಂದಿರುಗಿಸಿದ್ದೋ ಅದಕ್ಕೆ ಗೊತ್ತಿಲ್ಲ.

ಅಂಗಡಿಗಳ ಮುಂದಿನ ಕ್ಯೂಆರ್ ಹಾಳೆಗಳು ಮಾಯವಾದವು, ‘ಯುಪಿಐ ಇಲ್ಲ, ಕ್ಯಾಶ್ ಮಾತ್ರ’ ಎಂಬ ಬರಹ ಬಂತು. ವ್ಯಾಪಾರಿಗಳು ಬಂದ್ ಕರೆದರು. ಜುಲೈ 23ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ ವ್ಯಾಪಾರಿಗಳನ್ನು ಕರೆಸಿ ಮಾತಾಡಿ, ಹಳೆಯ ಬಾಕಿ ವಸೂಲು ಮಾಡುವುದಿಲ್ಲ, ಮುಂದೆ ನೋಂದಣಿ ಮಾಡಿಸಿ ಎಂದರು. ಬಂದ್ ಹಿಂದಕ್ಕೆ ಹೋಯಿತು. ಸಾವಿರಾರು ಜನ ಒಟ್ಟಿಗೆ ನಿಂತದ್ದರಿಂದ ಇದು ಕೆಲವೇ ವಾರಗಳಲ್ಲಿ ಬಗೆಹರಿಯಿತು. 3,150 ರೂಪಾಯಿಯ ಸುಳ್ಳು ಬಾಕಿ ಹೊತ್ತ ನಿವೃತ್ತ ಮೇಷ್ಟ್ರಿಗೆ ಸಂಘವಿಲ್ಲ, ಬಂದ್ ಇಲ್ಲ. ಅವರ ಕೈಯಲ್ಲಿರುವುದು ಇಷ್ಟೇ: ನೋಟಿಸಿನ ಮೇಲಿನ ಗುರುತಿನ ಸಂಖ್ಯೆ ಅಸಲಿಯೇ ಎಂದು ಆದಾಯ ತೆರಿಗೆ ಇಲಾಖೆಯ ಪೋರ್ಟಲಿನಲ್ಲಿ ನೋಡುವುದು (2019ರ ಅಕ್ಟೋಬರ್‌ನಿಂದ ಆ ಸಂಖ್ಯೆಯಿಲ್ಲದ ನೋಟಿಸಿಗೆ ಬೆಲೆಯಿಲ್ಲ), ಬಾಕಿ ಒಪ್ಪುವುದಿಲ್ಲ ಎಂದು ಕಾರಣ ಸಮೇತ ದಾಖಲಿಸುವುದು, ಫಾರ್ಮ್ 16 ಜೋಡಿಸಿ 154ನೇ ಕಲಂ ಕೆಳಗೆ ತಿದ್ದುಪಡಿ ಕೇಳುವುದು. ಸುಮ್ಮನಿದ್ದರೆ ಬಾಕಿ ಒಪ್ಪಿಕೊಂಡ ಹಾಗೆ. ಅಧಿಕಾರಿ ಸುಮ್ಮನಿದ್ದರೆ? ಆರು ತಿಂಗಳೊಳಗೆ ಆದೇಶ ಮಾಡಬೇಕು ಎಂದಿದೆ 154. ಮೀರಿದರೆ ಏನಾಗುತ್ತದೆ ಎಂದು ಆ ಕಲಂ ಹೇಳುವುದಿಲ್ಲ.

ಹೇಳಲು ಬಾರದ ಮಾತೇನೂ ಅಲ್ಲ ಅದು. ಜಿಎಸ್‌ಟಿ ನೋಂದಣಿಗೆ ಆಧಾರ್ ದೃಢೀಕರಣದೊಂದಿಗೆ ಅರ್ಜಿ ಹಾಕಿ, ಅಧಿಕಾರಿ ಏಳು ಕೆಲಸದ ದಿನಗಳಲ್ಲಿ ಏನೂ ಮಾಡದಿದ್ದರೆ ಅರ್ಜಿ ತಾನಾಗಿ ಮಂಜೂರಾಯಿತೆಂದೇ ನಿಯಮ. ಅಧಿಕಾರಿಯ ಮೌನವನ್ನು ಪ್ರಜೆಯ ಪರವಾಗಿ ಎಣಿಸುವುದು ನಮ್ಮ ಕಾನೂನಿಗೆ ಗೊತ್ತಿದೆ. ಅದೇ ನಿಯಮ ಬಾಕಿಗಳಿಗೂ ಬರಲಿ. 25 ಸಾವಿರದೊಳಗಿನ ಬೇಡಿಕೆಯನ್ನು ಒಬ್ಬರು ದಾಖಲೆ ಕೊಟ್ಟು ತಕರಾರು ಮಾಡಿದರೆ, ಆರು ತಿಂಗಳಲ್ಲಿ ಉತ್ತರ ಬರದಿದ್ದರೆ, ಅದು ತಾನಾಗಿ ರದ್ದಾಗಲಿ. ರಿಫಂಡಿನ ಬಡ್ಡಿಯೂ ತಿಂಗಳಿಗೆ ಶೇಕಡ 1 ಆಗಲಿ. 2024ರ ಲೆಕ್ಕದಂತೆ 25 ಸಾವಿರಕ್ಕಿಂತ ಕೆಳಗಿನ ಬೇಡಿಕೆಗಳೇ 2.1 ಕೋಟಿ ಇದ್ದವು. ರದ್ದಿನ ವ್ಯಾಪ್ತಿಗೆ ಬಂದ 1.11 ಕೋಟಿ ಕಳೆದರೂ ಸುಮಾರು ಒಂದು ಕೋಟಿ ಉಳಿಯುತ್ತವೆ. ಆ ಒಂದು ಕೋಟಿಯಲ್ಲಿ ಯಾವುದು ನಿಜ, ಯಾವುದು ಸುಳ್ಳು ಎಂದು ನೋಡಲು ಮೇಲಿನ ಲೆಕ್ಕದ ಅಧಿಕಾರಿಗೆ ಇನ್ನೂ 860 ವರ್ಷ ಬೇಕು.