ಧುಮುಕುವ ನೀರನ್ನು ದುಡಿಸಿದ ಕಂಪನಿ

ಗೋಕಾಕದ ಮೂಡಲ ಸೀಮೆ ಎರೆಮಣ್ಣಿನದು. ಕೌಜಲಗಿ, ಮೂಡಲಗಿ ಸುತ್ತಿನ ಹೊಲಗಳಿಗೆ ಹತ್ತಿ ಹೊಸದಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಆ ಹತ್ತಿಯನ್ನು ಇಲ್ಲೇ ನೂಲಾಗಿಸಬೇಕೆಂದರೆ ಒಂದು ತೊಡಕಿತ್ತು. ಗಿರಣಿಯ ಉಗಿಯಂತ್ರಕ್ಕೆ ಕಲ್ಲಿದ್ದಲು ಬೇಕು. ಬೆಳಗಾವಿ ಸೀಮೆಯಲ್ಲಿ ಕಲ್ಲಿದ್ದಲ ಗಣಿಯೇ ಇಲ್ಲ. ಇದ್ದದ್ದು ಘಟಪ್ರಭೆ.

1885ರಲ್ಲಿ ಸ್ಥಾಪನೆಯಾದ ‘ಗೋಕಾಕ ವಾಟರ್ ಪವರ್ ಅಂಡ್ ಮ್ಯಾನ್ಯುಫ್ಯಾಕ್ಚರಿಂಗ್ ಕಂಪನಿ’ ಈ ನದಿಯನ್ನೇ ನಂಬಿತು. ಹೆಸರಿನಲ್ಲಿ ‘ವಾಟರ್’ ಇದ್ದರೂ ಊರಿಗೆ ಕುಡಿಯುವ ನೀರು ಪೂರೈಸಲು ಹುಟ್ಟಿದ ಕಂಪನಿ ಇದಲ್ಲ. ಇದಕ್ಕೆ ಬೇಕಿದ್ದದ್ದು ನೀರು ಬೀಳುವ ಎತ್ತರ. ಎರಡೇ ವರ್ಷದಲ್ಲಿ, 1887ರಲ್ಲಿ, ಗಿರಣಿ ತಿರುಗತೊಡಗಿತು.

ಗೋಕಾಕ ಜಲಪಾತದಲ್ಲಿ ನದಿ ಸುಮಾರು 52 ಮೀಟರ್ ಕೆಳಕ್ಕೆ ಧುಮುಕುತ್ತದೆ. ಒಂದು ಘನ ಮೀಟರ್ ನೀರಿನ ತೂಕ 1000 ಕಿಲೋಗ್ರಾಂ. ಸೆಕೆಂಡಿಗೆ ಅಷ್ಟು ನೀರು ಇಷ್ಟು ಎತ್ತರದಿಂದ ಬಿದ್ದರೆ ಅದರಲ್ಲಿರುವ ಶಕ್ತಿ ಸುಮಾರು 510 ಕಿಲೋವ್ಯಾಟ್, ಅಂದರೆ ಸುಮಾರು 680 ಅಶ್ವಶಕ್ತಿ. ಬಯಲಿನಲ್ಲಿ ಬಿದ್ದ ನೀರು ಈ ಶಕ್ತಿಯನ್ನು ನೊರೆ, ಸಪ್ಪಳ, ಶಾಖಗಳಾಗಿ ಕಳೆದುಬಿಡುತ್ತದೆ. ಅದೇ ನೀರನ್ನು ಕೊಳವೆಯೊಳಗೆ ಇಳಿಸಿದರೆ ತಳದಲ್ಲಿ ವಾತಾವರಣದ ಸುಮಾರು ಐದು ಪಟ್ಟು ಒತ್ತಡ ಕೂಡಿಕೊಳ್ಳುತ್ತದೆ. ಟರ್ಬೈನುಗಳನ್ನು ಕಮರಿಯ ತಳದಲ್ಲಿ ಕೂಡಿಸಿದ್ದು ಆ ಪೂರ್ತಿ ಒತ್ತಡ ಕೈಗೆ ಸಿಗಲೆಂದು.

ಆದರೆ ಗಿರಣಿ ಇದ್ದದ್ದು ಮೇಲೆ, ದಡದಲ್ಲಿ. ಟರ್ಬೈನಿನ ತಿರುಗುವಿಕೆಯನ್ನು ಮೊದಮೊದಲು ಮೇಲಕ್ಕೆ ಸಾಗಿಸಿದ್ದು ಗಾಲಿಗಳ ಮೇಲೆ ಓಡುವ ಹಗ್ಗಗಳು. ಹಗ್ಗದ ಓಟಕ್ಕೆ ದೂರದ ಮಿತಿಯಿದೆ: ದೂರ ಹೆಚ್ಚಿದಷ್ಟೂ ತಿಕ್ಕಾಟದಲ್ಲಿ ಶಕ್ತಿ ಸೋರುತ್ತದೆ. ಹಾಗಾಗಿ ಗಿರಣಿಯೇ ಜಲಪಾತದ ಬಳಿಗೆ ಬರಬೇಕಾಯಿತು. ಈ ಮಿತಿಯನ್ನು ಮುರಿದದ್ದು ವಿದ್ಯುತ್ತು. 1902ರಲ್ಲಿ ಶಿವನಸಮುದ್ರ ಜಲಪಾತದ ಶಕ್ತಿ ತಂತಿಯ ಮೂಲಕ ಸುಮಾರು 147 ಕಿಲೋಮೀಟರ್ ದಾಟಿ ಕೋಲಾರದ ಚಿನ್ನದ ಗಣಿಗಳನ್ನು ತಲುಪಿತು.

ಎತ್ತರ ವರ್ಷವಿಡೀ ಅಷ್ಟೇ ಇರುತ್ತದೆ, ಹರಿವು ಹಾಗಲ್ಲ. ಮಳೆಗಾಲದಲ್ಲಿ ಉಕ್ಕುವ ಘಟಪ್ರಭೆ ಬೇಸಿಗೆಯಲ್ಲಿ ಸೊರಗುತ್ತದೆ. ಹರಿವು ಅರ್ಧಕ್ಕಿಳಿದರೆ ಶಕ್ತಿಯೂ ಅರ್ಧ. ಗಿರಣಿಯ ಆ ಮೊದಲ ವರ್ಷಗಳಲ್ಲೇ, ಜಲಪಾತಕ್ಕಿಂತ ಮೇಲೆ ಧೂಪದಾಳದಲ್ಲಿ ಸರ್ಕಾರ ಒಡ್ಡು ಕಟ್ಟಿಸಿ 1897ರಲ್ಲಿ ಮುಗಿಸಿತು. ಎಡದಂಡೆ ಕಾಲುವೆ ಹೊಲಗಳಿಗೆ ನೀರು ಒಯ್ದಿತು. ಟರ್ಬೈನು ತಿರುಗಿಸಿದ ನೀರು ಮತ್ತೆ ನದಿಗೇ ಸೇರುತ್ತದೆ, ಕೆಳಗಿನ ಊರುಗಳಿಗೆ ಸಿಗುತ್ತದೆ. ಜಲಪಾತಕ್ಕಿಂತ ಮೇಲೆಯೇ ಕಾಲುವೆಗೆ ತಿರುಗಿದ ನೀರು ಮಾತ್ರ ಟರ್ಬೈನಿಗೆ ದಕ್ಕದು.

ಬೇಸಿಗೆಯ ಒಂದು ಘನ ಮೀಟರ್ ನೀರನ್ನು ಹೊಲಕ್ಕೆ ಕೊಡಬೇಕೇ, ನದಿಯಲ್ಲೇ ಬಿಡಬೇಕೇ ಎಂಬ ಪ್ರಶ್ನೆ ಘಟಪ್ರಭೆಗೆ ಹಿಡಕಲ್ ಜಲಾಶಯ ಬಂದ ಮೇಲೂ ಉಳಿದಿದೆ. ಬಳಸುವವರು ಖಾಸಗಿಯವರಿರಲಿ, ಸರ್ಕಾರವಿರಲಿ, ಎಷ್ಟು ನೀರು ಪಡೆದರು, ಎಷ್ಟನ್ನು ನದಿಗೆ ಮರಳಿಸಿದರು ಎಂಬ ಲೆಕ್ಕ ದಂಡೆಯ ಜನರ ಮುಂದಿರಬೇಕು. ಆ ಲೆಕ್ಕ ಹಾಕುವುದನ್ನು ಗೋಕಾಕ ಸೀಮೆಯ ಶಾಲೆಗಳು ತಮ್ಮದೇ ಜಲಪಾತದಿಂದ ಕಲಿಸಲಿ.