ಊರ ಮಳೆನೀರಿಗೆ ದಾರಿ ಬೇಕು

ಬರಗಾಲದ ಸೀಮೆಯೆಂದು ಹೆಸರಾದ ವಿಜಾಪುರ ಜಿಲ್ಲೆಯಲ್ಲಿ ಮಳೆನೀರಿನ ಉಪದ್ರವವನ್ನು ಕುರಿತು ಬರೆಯುವದು ಕೆಲವರಿಗೆ ಸೋಜಿಗವೆನಿಸಬಹುದು. ವರ್ಷಕ್ಕೆ ೬೦೦ ಮಿಲಿಮೀಟರಿನ ಆಸುಪಾಸು ಮಳೆ ಬೀಳುವ ನಾಡಿದು. ಆದರೆ ಈ ಅಲ್ಪ ಮಳೆಯು ವರ್ಷದುದ್ದಕ್ಕೂ ಹಂಚಿ ಬೀಳುವದಿಲ್ಲ. ಅದರ ದೊಡ್ಡ ಪಾಲು ಹುಬ್ಬಿ, ಉತ್ತರಿ, ಹಸ್ತಗಳಲ್ಲಿ ಕೆಲವೇ ದಿನ ಧಾರಾಕಾರವಾಗಿ ಸುರಿದುಬಿಡುವದು. ೨೦೦೯ರ ಸೆಪ್ಟೆಂಬರ ಕೊನೆ ಹಾಗೂ ಅಕ್ಟೋಬರ ಮೊದಲ ದಿನಗಳಲ್ಲಿ ಉತ್ತರ ಕರ್ನಾಟಕದಲ್ಲಿ ಸುರಿದ ಮಳೆಗೆ ಇನ್ನೂರಕ್ಕೂ ಹೆಚ್ಚು ಜನರು ಬಲಿಯಾದುದನ್ನೂ, ಲಕ್ಷಗಟ್ಟಲೆ ಮನೆಗಳು ಬಿದ್ದೋ ಬಿರಿದೋ ಹೋದುದನ್ನೂ ಯಾರೂ ಮರೆತಿಲ್ಲ. ಮಣ್ಣಿನ ಗೋಡೆ, ಮಣ್ಣಿನ ಮಾಳಿಗೆಗಳ ಬಡವರಿಗೆ ನಾಲ್ಕು ದಿನ ನಿಂತ ನೀರೆಂದರೆ ಪ್ರಾಣಸಂಕಟ.

ಇಲ್ಲಿ ಒಂದು ಭೇದವನ್ನು ಸ್ಪಷ್ಟವಾಗಿ ತಿಳಿಯುವದು ಅವಶ್ಯ. ೨೦೨೦ರ ಅಕ್ಟೋಬರದಲ್ಲಿ ಬಂದಂಥ ಭೀಮೆಯ ಮಹಾಪೂರವನ್ನು ತಡೆಯುವದು ಯಾವ ಪೌರಸಂಸ್ಥೆಯ ಕೈಯಲ್ಲಿಯೂ ಇಲ್ಲ. ಆದರೆ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಈ ನಾಲ್ಕೂ ದೊಡ್ಡ ನದಿಗಳ ದಂಡೆಯ ಮೇಲಿನ ಊರುಗಳಲ್ಲ. ಇಲ್ಲಿಯ ತಗ್ಗಿನ ಓಣಿಗಳಲ್ಲಿ ನಿಲ್ಲುವ ನೀರು ಊರಿನ ಮೇಲೆ, ಊರಿನ ಸುತ್ತಲಿನ ಹೊಲಗಳ ಮೇಲೆ ಬಿದ್ದ ನೀರು. ಆದುದರಿಂದ ಇದರ ಪರಿಹಾರವೂ ಬಹುಮಟ್ಟಿಗೆ ಊರಿನವರ ಕೈಯಲ್ಲಿಯೇ ಇದೆ.

ಮೊದಲು ನೆಲದ ಗುಣವನ್ನು ನೋಡೋಣ. ನಮ್ಮ ಎರೆಭೂಮಿಯು ಬೇಸಿಗೆಯಲ್ಲಿ ಬಿರಿದು, ಮೊದಲ ಮಳೆಯನ್ನು ಬಾಯ್ದೆರೆದು ಕುಡಿಯುವದು. ಒಮ್ಮೆ ನೆನೆದು ಉಬ್ಬಿತೆಂದರೆ ಬಿರುಕುಗಳು ಮುಚ್ಚಿಕೊಂಡು ನೀರನ್ನು ಒಳಕ್ಕೆ ಬಿಡದು. ಹಸ್ತದ ಮಳೆ ಬರುವ ಹೊತ್ತಿಗೆ ನೆಲವು ಈ ಅವಸ್ಥೆಯಲ್ಲಿರುವದು. ಮೇಲೆ ಡಾಂಬರು, ಸಿಮೆಂಟುಗಳ ಹೊದಿಕೆ ಬೇರೆ.

ಇನ್ನು ಲೆಕ್ಕವನ್ನು ನೋಡೋಣ. ನೂರು ಎಕರೆ ವಸತಿಯ ಮೇಲೆ ಒಂದು ತಾಸಿನಲ್ಲಿ ೫೦ ಮಿಲಿಮೀಟರು ಮಳೆ ಬಿದ್ದರೆ ಅದು ಸುಮಾರು ಎರಡು ಕೋಟಿ ಲೀಟರು ನೀರು. ಅದರಲ್ಲಿ ಅರ್ಧವೇ ಹರಿದುಬಂದರೂ ಸೆಕೆಂಡಿಗೆ ೨,೮೦೦ ಲೀಟರಿನಷ್ಟಾಯಿತು. ಒಂದಡಿ ಅಗಲ, ಒಂದಡಿ ಆಳದ ಗಟಾರವು ಸೆಕೆಂಡಿಗೆ ಒಂದು ಮೀಟರು ವೇಗದಿಂದ ತುಂಬಿ ಹರಿದರೂ ಸಾಗಿಸುವದು ಸುಮಾರು ೯೦ ಲೀಟರು ಮಾತ್ರ. ಅಂಥ ಮೂವತ್ತು ಗಟಾರಗಳು ಹೂಳಿಲ್ಲದೆ ಏಕಕಾಲಕ್ಕೆ ಹರಿದರಷ್ಟೇ ಈ ನೀರು ಹೊರಹೋದೀತು. ಬಚ್ಚಲ ನೀರಿಗೆಂದು ತೋಡಿದ ಗಟಾರಕ್ಕೆ ಆಕಾಶದ ನೀರನ್ನು ಹೊರಿಸಿದರೆ ಅದು ಓಣಿಗೆ ಉಕ್ಕದೆ ಮತ್ತೇನಾದೀತು?

ಹಣ ವೆಚ್ಚವಾಗುತ್ತಿಲ್ಲವೆಂದು ನಾವು ಹೇಳುವದಿಲ್ಲ. ವೆಚ್ಚವಾಗುವ ಕ್ರಮವೇ ತಲೆಕೆಳಗಾಗಿದೆ. ನಮ್ಮ ಸಣ್ಣ ನಗರಗಳಲ್ಲಿ ವಾರ್ಡಿಗೊಂದು ತುಂಡು ಗಟಾರ ಮಂಜೂರಾಗುವದು. ಅದರ ನೀರು ಕೊನೆಗೆ ಎಲ್ಲಿಗೆ ಹೋಗಬೇಕೆಂದು ಕೇಳುವವರಿಲ್ಲ. ಹಳೆಯ ರಸ್ತೆಯನ್ನು ಅಗೆಯದೆ ಅದರ ಮೇಲೆಯೇ ಹೊಸ ರಸ್ತೆಯನ್ನು ಹಾಕುತ್ತ ಹೋಗುವದರಿಂದ ಮನೆಗಳ ಹೊಸ್ತಿಲು ರಸ್ತೆಗಿಂತ ಕೆಳಗಾಗುವವು. ಊರಿನ ನೀರನ್ನೆಲ್ಲ ಒಯ್ಯುತ್ತಿದ್ದ ಹಳ್ಳವು ಕಟ್ಟಡಗಳ ನಡುವೆ ಸಿಕ್ಕಿ ಸೊರಗಿ, ಕಸದ ತಿಪ್ಪೆಯಾಗುವದು. ಮಳೆಗಾಲಕ್ಕೆ ಮುಂಚೆ ಎತ್ತಿದ ಹೂಳನ್ನು ಗಟಾರದ ಅಂಚಿಗೇ ಗುಡ್ಡೆಹಾಕಿ, ಮೊದಲ ಮಳೆಗೆ ಅದು ಮರಳಿ ಒಳಗೆ ಬೀಳುವದನ್ನು ಪ್ರತಿವರ್ಷ ನೋಡುತ್ತಿದ್ದೇವೆ.

ನೀರಿನ ಕೆಲಸವನ್ನು ಕೊನೆಯಿಂದ ಆರಂಭಿಸಬೇಕು. ಮೊದಲು ಇಡಿಯ ಊರಿನ ಏರುತಗ್ಗುಗಳನ್ನು ಅಳೆದು ಒಂದು ನಕಾಶೆಯನ್ನು ಸಿದ್ಧಪಡಿಸಬೇಕು. ಎರಡನೆಯದಾಗಿ, ಹಳ್ಳದ ಮೂಲ ಅಗಲವನ್ನು ಭೂಮಾಪನ ದಾಖಲೆಯಂತೆ ಗುರುತಿಸಿ ಕಲ್ಲು ನೆಡಬೇಕು. ಮೂರನೆಯದಾಗಿ, ನೀರಿಗೆ ಗಂಟಲು ಕಟ್ಟಿದಂತಿರುವ ಇಕ್ಕಟ್ಟಾದ ಸಿಡಿಗಳನ್ನು ಅಗಲಗೊಳಿಸಬೇಕು. ಆ ಮೇಲೆ ದೊಡ್ಡ ಗಟಾರ. ಕೊನೆಗೆ ಓಣಿಯ ಗಟಾರ. ಹಳ್ಳದ ಪಾತ್ರದಲ್ಲಿ ಗತಿಯಿಲ್ಲದೆ ಗುಡಿಸಲು ಹಾಕಿಕೊಂಡವರನ್ನು ಎಬ್ಬಿಸುವ ಮುನ್ನ ಅವರಿಗೆ ಬೇರೆ ನೆಲೆ ಕೊಡುವದು ನ್ಯಾಯ. ಆದರೆ ಉಳ್ಳವರ ಅತಿಕ್ರಮಣಕ್ಕೆ ಆ ದಯೆ ಸಲ್ಲದು.

ಇದು ಪುಸ್ತಕದ ಮಾತಲ್ಲ. ೧೯೦೮ರ ಸೆಪ್ಟೆಂಬರದಲ್ಲಿ ಮೂಸಿ ನದಿಯು ಉಕ್ಕಿ ಹೈದರಾಬಾದನ್ನು ಹಾಳುಗೆಡವಿದಾಗ ನಿಜಾಮ ಸರಕಾರವು ಮುಂಬಯಿ ಸರಕಾರದ ಚಾಕರಿಯಿಂದ ನಿವೃತ್ತರಾದ ವಿಶ್ವೇಶ್ವರಯ್ಯನವರನ್ನು ಕರೆಯಿಸಿಕೊಂಡಿತು. ಅವರು ನಗರದೊಳಗಣ ಗೋಡೆ-ಘಟ್ಟಗಳನ್ನಷ್ಟೇ ನೋಡಲಿಲ್ಲ. ಮೇಲ್ಭಾಗದ ಇಡಿಯ ಜಲಾನಯನವನ್ನೂ ಅಲ್ಲಿ ಒಡೆದ ಕೆರೆಗಳನ್ನೂ ಪರಿಶೀಲಿಸಿ, ಅಲ್ಲಿಯೇ ನೀರನ್ನು ತಡೆದು ಹಿಡಿಯುವ ಸಲಹೆ ಕೊಟ್ಟರು. ೧೯೨೦ರ ಉಸ್ಮಾನಸಾಗರ, ೧೯೨೭ರ ಹಿಮಾಯತಸಾಗರಗಳು ಅದರ ಫಲ. ಮಹಾನಗರಕ್ಕೆ ಒಪ್ಪಿದ ತತ್ತ್ವವು ನಮ್ಮ ಊರುಗಳಿಗೂ ಒಪ್ಪುವದು.

ನಮ್ಮಲ್ಲಿ ಹೊರಹಾಕಿದ ನೀರು ಬರಿಯ ಪೀಡೆಯಲ್ಲ, ಸಂಪತ್ತು ಕೂಡ. ಬಚ್ಚಲ ನೀರು ಬೆರೆಯದಂತೆ ನೋಡಿಕೊಂಡು, ಕಸ-ಮಣ್ಣುಗಳನ್ನು ಸೋಸಿ ಅದನ್ನು ಕೆರೆಗೆ ಮುಟ್ಟಿಸಿದರೆ ಬೇಸಿಗೆಯ ಭಾವಿಗಳು ಉಳಿಯುವವು. ಈಚಿನ ವರ್ಷಗಳಲ್ಲಿ ಏತ ನೀರಾವರಿಯಿಂದ ಜಿಲ್ಲೆಯ ಅನೇಕ ಕೆರೆಗಳನ್ನು ಕೃಷ್ಣೆಯ ನೀರಿನಿಂದ ತುಂಬಿಸುತ್ತಿರುವದು ಸಂತೋಷದ ಸಂಗತಿ. ಆದರೆ ದೊಡ್ಡ ಮಳೆಯ ಕಾಲದಲ್ಲಿ ಕೆರೆಯು ಮೊದಲೇ ತುಂಬಿ ನಿಂತಿದ್ದರೆ ಊರಿನ ನೀರಿಗೆ ಎಡೆಯೆಲ್ಲಿ? ನೀರಾವರಿ ಅಧಿಕಾರಿಗಳೂ ಪೌರಸಂಸ್ಥೆಯವರೂ ಕೂಡಿ ಕುಳಿತು ಹಸ್ತ ಮುಗಿಯುವ ವರೆಗೆ ಕೆರೆಯಲ್ಲಿ ಇಷ್ಟು ಸ್ಥಳ ತೆರವಿರಬೇಕೆಂದು ನಿಶ್ಚಯಿಸಬೇಕು. ಕೋಡಿಯ ಕಾಲುವೆಯನ್ನು ತೆರೆದಿಡಬೇಕು.

ಗಟಾರಗಳನ್ನು ಕಟ್ಟಿ ಕಾಪಾಡುವದು ೧೯೬೪ರ ಪುರಸಭೆಗಳ ಕಾಯದೆಯಂತೆ ಪೌರಸಂಸ್ಥೆಯ ಕಡ್ಡಾಯ ಕರ್ತವ್ಯ, ಯಾರೊಬ್ಬರ ಅನುಗ್ರಹವಲ್ಲ. ಬರುವ ಅಂದಾಜುಪತ್ರಿಕೆಯಲ್ಲಿ ಹೊಸ ಗಟಾರದ ಬಾಬು ಕಂಡೊಡನೆ ಪ್ರತಿಯೊಬ್ಬ ಸದಸ್ಯನೂ ಒಂದೇ ಪ್ರಶ್ನೆಯನ್ನು ಕೇಳಲಿ: ಈ ನೀರು ಎಲ್ಲಿಗೆ ಹೋಗುವದು? ಉತ್ತರವಿಲ್ಲದ ಕೆಲಸಕ್ಕೆ ಒಂದು ರೂಪಾಯಿಯನ್ನೂ ಮಂಜೂರು ಮಾಡದಿರಲಿ. ಸುಶಿಕ್ಷಿತ ನಾಗರಿಕರೂ ತಮ್ಮ ಓಣಿಯ ಗಟಾರಕ್ಕಾಗಿ ಅರ್ಜಿ ಬರೆಯುವದನ್ನು ಬಿಟ್ಟು ಇಡಿಯ ಊರಿನ ನಕಾಶೆಗಾಗಿ ಒತ್ತಾಯಿಸಲಿ. ಮೇಲಿನ ಓಣಿಯವರು ತಮ್ಮ ಬಾಗಿಲ ನೀರು ಹೋಯಿತೆಂದು ನೆಮ್ಮದಿಯಿಂದಿದ್ದರೆ ಕೆಳಗಿನ ಓಣಿಯ ಗೋಡೆಗಳು ಬೀಳುತ್ತಲೇ ಇರುವವು.